ಅಲೆಯೇರಿದ ಹಲಗೆಗಳು

ಅಂಚೆಚೀಟಿಗಳನ್ನು ಕೂಡಿಡುವವರುಂಟು. ಹಳೆಯ ನಾಣ್ಯಗಳನ್ನು, ತಾಳೆಗರಿಯ ಗ್ರಂಥಗಳನ್ನು, ಕಂಚಿನ ದೀಪಗಳನ್ನು ಕೂಡಿಡುವವರುಂಟು. ಇವೆಲ್ಲ ಪೆಟ್ಟಿಗೆಯಲ್ಲಿಯೋ ಗೂಡಿನಲ್ಲಿಯೋ ಹಿಡಿಯುವ ವಸ್ತುಗಳು. ಆದರೆ ಆಳೆತ್ತರವನ್ನು ಮೀರಿದ, ಕೆಲವಂತೂ ಇಬ್ಬರು ಹೊರಬೇಕಾದಷ್ಟು ಭಾರವಾದ ಮರದ ಹಲಗೆಗಳನ್ನು ಕೂಡಿಡುವ ಜನರೂ ಲೋಕದಲ್ಲಿದ್ದಾರೆ. ಮನೆಯ ಗೋಡೆ ತುಂಬಿದರೆ ಮೋಟಾರು ಷೆಡ್ಡಿನಲ್ಲಿ, ಅದೂ ತುಂಬಿದರೆ ಅಟ್ಟದ ತೊಲೆಗಳಿಗೆ ತೂಗುಹಾಕಿ ಅವರು ಅವನ್ನು ಕಾಪಾಡುತ್ತಾರೆ. ಈ ವಸ್ತುವಿನ ಹೆಸರು ಸರ್ಫ್ ಹಲಗೆ. ಕಡಲಿನ ಅಲೆಯ ಮೇಲೆ ನಿಂತು ದಡದವರೆಗೆ ಜಾರಿಬರುವ ಆಟದ ಸಾಧನ.

ಅಲೆಯು ದಡವನ್ನು ಸಮೀಪಿಸಿದಂತೆ ನೀರಿನ ಆಳ ಕಡಿಮೆಯಾಗಿ ಅದು ಮೇಲೆದ್ದು ಮುರಿಯತೊಡಗುತ್ತದೆ. ಆ ಕ್ಷಣದಲ್ಲಿ ಅದರ ಇಳಿಜಾರಿಗೆ ಹಲಗೆಯನ್ನು ತಂದವನು, ಗುಡ್ಡದಿಂದ ಜಾರುವವನಂತೆ, ಅಲೆಯೊಡನೆ ಮುಂದೆ ಸಾಗುತ್ತಾನೆ. ಕೇಳುವುದಕ್ಕೆ ಸುಲಭವಾದ ಮಾತು; ಮಾಡುವುದಕ್ಕೆ ವರ್ಷಗಳ ಅಭ್ಯಾಸ ಬೇಕು. ಈಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಮುಲ್ಕಿ, ಸಸಿಹಿತ್ಲುಗಳಲ್ಲಿಯೂ ಈ ಆಟ ನೆಲೆಯೂರಿದೆ. ೨೦೧೬ರಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆಯಿತು. ಅಲ್ಲಿ ಕಾಣುವ ಹಲಗೆಗಳು ಹೆಚ್ಚಾಗಿ ರಾಸಾಯನಿಕ ನೊರೆಯನ್ನು ಗಟ್ಟಿಗೊಳಿಸಿ, ಮೇಲೆ ಗಾಜಿನೆಳೆಯ ಬಟ್ಟೆಯನ್ನು ಅಂಟಿಸಿ ಮಾಡಿದಂಥವು. ಹಗುರವಾದುವು, ಸುಲಭವಾಗಿ ಸಿಗುವಂಥವು. ಸಂಗ್ರಾಹಕರು ಅರಸುವುದು ಅವುಗಳ ಅಜ್ಜ ಮುತ್ತಜ್ಜಂದಿರನ್ನು. ೧೯೫೦ರ ದಶಕದ ಕೊನೆಯವರೆಗೆ ಬಡಗಿಯ ಉಳಿ ಬಾಚಿಗಳಿಂದ ಹುಟ್ಟಿಬರುತ್ತಿದ್ದ ಅಪ್ಪಟ ಮರದ ಹಲಗೆಗಳನ್ನು.

ಇನ್ನು ನೀರಿಗೆ ಇಳಿಯದ, ಬಿರುಕುಬಿಟ್ಟ, ಹುಳು ಕೊರೆದ ಒಂದು ಹಲಗೆಯಿಂದ ಯಾರಿಗೆ ಏನು ಪ್ರಯೋಜನ? ಹೀಗೆಂದು ಕೇಳುವವರಿಗೆ ಈ ಹಲಗೆಗಳ ಚರಿತ್ರೆಯೇ ಉತ್ತರವನ್ನು ಕೊಡುತ್ತದೆ. ಜನ ಮರೆತಿದ್ದ ವಿದ್ಯೆಯನ್ನು ಇವು ಒಮ್ಮೆಯಲ್ಲ, ಎರಡು ಬಾರಿ ಲೋಕಕ್ಕೆ ಮರಳಿ ಕಲಿಸಿವೆ.

ಮೂರು ಮರಗಳು

ಶಾಂತಸಾಗರದ ನಡುವೆ ಇರುವ ಹವಾಯಿ ದ್ವೀಪಗಳು ಈ ಆಟದ ತೌರುಮನೆ. ಅಲ್ಲಿನ ಭಾಷೆಯಲ್ಲಿ ಅಲೆಯ ಸವಾರಿಗೆ ‘ಹೇಎ ನಲು’ ಎಂದು ಹೆಸರು. ಅರಸರು, ಆಳುಗಳು, ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಈ ಆಟವನ್ನು ಆಡುತ್ತಿದ್ದರು. ಆದರೆ ಹಲಗೆಗಳಲ್ಲಿ ಅಂತಸ್ತಿನ ಭೇದವಿತ್ತು. ಎದೆಯನ್ನು ಊರಿ ಮಲಗಿ ಸಾಗುವ ಚಿಕ್ಕ ಹಲಗೆಗೆ ‘ಪೈಪೊ’ ಎಂದು ಹೆಸರು. ತೆಳುವಾಗಿ, ಮುಂಭಾಗ ದುಂಡಗಾಗಿ, ಹಿಂಭಾಗ ಚೌಕವಾಗಿ ಇರುತ್ತಿದ್ದುದು ‘ಅಲೈಯ’. ಇದು ಸಾಮಾನ್ಯರಿಗೂ ಎಟುಕುವಂಥದು. ಹದಿನೈದು ಅಡಿಗೂ ಮೀರಿ ಉದ್ದವಾದ, ದಪ್ಪನೆಯ ಬೆನ್ನುಳ್ಳ ‘ಒಲೊ’ ಮಾತ್ರ ಪಾಳೆಯಗಾರರ ಮನೆತನಗಳಿಗೆ ಮೀಸಲೆಂದು ಪ್ರತೀತಿ.

ಹಲಗೆಗೆ ಒದಗುತ್ತಿದ್ದುದು ಮೂರು ಮರಗಳು. ಒಂದು ‘ಕೋವ’, ನಮ್ಮ ಜಾಲಿಯ ಕುಲಕ್ಕೆ ಸೇರಿದ್ದು. ಕೆಂಗಂದು ಬಣ್ಣದ ಗಟ್ಟಿ ಮರ. ಎರಡನೆಯದು ‘ಉಲು’, ದಕ್ಷಿಣ ಕನ್ನಡದ ಅಡಿಗೆಮನೆಗಳಲ್ಲಿ ಪಲ್ಯವಾಗುವ ಜೀಗುಜ್ಜೆಯ ಮರವೇ ಅದು. ಮೂರನೆಯದು ‘ವಿಲಿವಿಲಿ’, ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳು ಕೊಡುವ ಹಾಲುವಾಣದ ದಾಯಾದಿ. ವಿಲಿವಿಲಿಯ ಮರ ಬೆಂಡಿನಂತೆ ಹಗುರವಾದುದರಿಂದ ದೊಡ್ಡ ಒಲೊ ಹಲಗೆಗಳಿಗೆ ಅದೇ ಮೆಚ್ಚಿನದಾಗಿತ್ತು.

ಮರವನ್ನು ಕಡಿಯುವುದಕ್ಕೂ ಒಂದು ಕ್ರಮವಿತ್ತು. ತಕ್ಕ ಮರವನ್ನು ಆರಿಸಿದ ಕುಶಲಿಯು ಅದರ ಬುಡದಲ್ಲಿ ‘ಕುಮು’ ಎಂಬ ಕೆಂಪು ಮೀನನ್ನಿಟ್ಟು ಪ್ರಾರ್ಥಿಸಿ, ಬೇರಿನ ಬಳಿಯ ಗುಂಡಿಯಲ್ಲಿ ಆ ಮೀನನ್ನು ಕಾಣಿಕೆಯಾಗಿ ಹೂಳುತ್ತಿದ್ದನು. ಆ ಮೇಲೆ ಕಲ್ಲಿನ ಬಾಚಿಯಿಂದ ಒರಟು ರೂಪವನ್ನು ಕೊಟ್ಟು, ದೋಣಿಮನೆಗೆ ಹೊತ್ತು ತಂದು, ಹವಳದ ತುಂಡಿನಿಂದಲೂ ಒರಟು ಕಲ್ಲಿನಿಂದಲೂ ಉಜ್ಜಿ ನುಣುಪು ಮಾಡುತ್ತಿದ್ದನು. ಕುಕುಯಿ ಮರದ ತೊಗಟೆಯ ರಸ, ಸುಟ್ಟ ಬೀಜದ ಮಸಿ ಮೊದಲಾದವುಗಳಿಂದ ಕಪ್ಪನೆಯ ಬಣ್ಣ ಏರುತ್ತಿತ್ತು. ಕೊನೆಯಲ್ಲಿ ಅದೇ ಕುಕುಯಿ ಬೀಜದ ಎಣ್ಣೆಯ ಲೇಪ. ಆಟ ಮುಗಿದ ಮೇಲೆ ಹಲಗೆಯನ್ನು ಬಿಸಿಲಿನಲ್ಲಿ ಒಣಗಿಸಿ, ಎಣ್ಣೆ ಸವರಿ, ನಾರುಬಟ್ಟೆಯಲ್ಲಿ ಸುತ್ತಿ ಮನೆಯೊಳಗೆ ತೂಗುಹಾಕುವುದು ವಾಡಿಕೆ. ಹಲಗೆಯನ್ನು ಕಾಪಾಡುವುದು ಇಂದಿನ ಸಂಗ್ರಾಹಕರು ಕಂಡುಹಿಡಿದ ಹವ್ಯಾಸವೇನೂ ಅಲ್ಲ. ಅದನ್ನು ಮಾಡಿದವರೇ ಮೊದಲು ಅದನ್ನು ಹಾಗೆ ಸಲಹಿದವರು.

ಬರಿದಾದ ಕಡಲು

ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಹವಾಯಿಗೆ ಬಂದುದು ೧೭೭೮ರಲ್ಲಿ. ಮರುವರ್ಷ ಅವನು ಕೆಆಲಕೆಕುವ ಕೊಲ್ಲಿಯಲ್ಲಿ ಹತನಾದ ಮೇಲೆ ಹಡಗಿನ ದಿನಚರಿಯನ್ನು ಮುಂದುವರಿಸಿದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್, ದ್ವೀಪದ ಜನ ಹಲಗೆಯ ಮೇಲೆ ಮಲಗಿ ಭಾರಿ ಅಲೆಗಾಗಿ ಕಾದು, ಅದರೊಡನೆ ಮಿಂಚಿನಂತೆ ದಡಕ್ಕೆ ಬರುತ್ತಿದ್ದ ನೋಟವನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಬಂಡೆಗಳು ಎದುರಾದಾಗ ಹಲಗೆಯನ್ನು ಬಿಟ್ಟು ಅಲೆಯ ಅಡಿಗೆ ಮುಳುಗಿ ಪಾರಾಗುವ ಅವರ ಧೈರ್ಯ ಅವನಿಗೆ ನಂಬಲಾಗದ ಸಂಗತಿಯಾಗಿ ಕಂಡಿತು.

ಅಂಥ ಆಟವು ನೂರು ವರ್ಷಗಳೊಳಗೆ ಹೆಚ್ಚುಕಡಮೆ ನಿಂತುಹೋಯಿತು. ಹಡಗುಗಳು ತಂದ ಸಿಡುಬು, ದಡಾರ ಮೊದಲಾದ ಹೊಸ ರೋಗಗಳಿಗೆ ದ್ವೀಪದ ಜನರಲ್ಲಿ ಎದುರುಬಲವಿರಲಿಲ್ಲ. ಕುಕ್ ಬಂದಾಗ ಲಕ್ಷಗಟ್ಟಲೆ ಇದ್ದ ಮೂಲನಿವಾಸಿಗಳು ೧೮೯೦ರ ಹೊತ್ತಿಗೆ ಸುಮಾರು ೪೦ ಸಾವಿರಕ್ಕೆ ಇಳಿದಿದ್ದರು. ೧೮೧೯ರಲ್ಲಿ ಹಳೆಯ ಕಟ್ಟುಕಟ್ಟಳೆಗಳು ರದ್ದಾದುವು. ಅವುಗಳೊಡನೆ ಆಟದ ಸುತ್ತ ಇದ್ದ ಹಬ್ಬ ಹರಕೆಗಳೂ ಹೋದುವು. ೧೮೨೦ರಲ್ಲಿ ಬಂದ ಪಾದ್ರಿಗಳು ಅರೆಬೆತ್ತಲೆಯ ಈ ವಿನೋದವನ್ನು ಮೆಚ್ಚಲಿಲ್ಲ. ಮುಂದೆ ಕಬ್ಬಿನ ತೋಟಗಳ ದುಡಿಮೆ ಬಂದಿತು. ಅಲೆಗೆ ಕಾಯುವ ಬಿಡುವು ಜನಕ್ಕೆ ಉಳಿಯಲಿಲ್ಲ. ಆಡುವವರೇ ಇಲ್ಲವಾದಾಗ ಹಲಗೆ ಮಾಡುವವರಿಗೆ ಕೆಲಸವೆಲ್ಲಿ? ಹಳೆಯ ಹಲಗೆಗಳು ಮಳೆಗೆ ನೆನೆದುವು, ಗೆದ್ದಲಿಗೆ ಆಹಾರವಾದುವು, ಬೇರೆ ಬೇರೆ ಕೆಲಸಕ್ಕೆ ಒದಗಿ ಮಾಯವಾದುವು. ಆ ಪ್ರಾಚೀನ ಕಾಲದ ಹಲಗೆಗಳಲ್ಲಿ ಇಂದು ಉಳಿದಿರುವುವು ಅತಿ ವಿರಳ.

ಆದರೂ ದಾರ ಪೂರ್ತಿ ಕಡಿಯಲಿಲ್ಲ. ೧೮೮೫ರಲ್ಲಿ ಹವಾಯಿಯ ರಾಜಮನೆತನದ ಮೂವರು ಸೋದರರು, ಡೇವಿಡ್ ಕವಾನನಕೋವ, ಎಡ್ವರ್ಡ್ ಕೆಲಿಯಿಅಹೊನುಯಿ ಮತ್ತು ಜೋನಾ ಕೂಹಿಯೊ, ಕ್ಯಾಲಿಫೋರ್ನಿಯದಲ್ಲಿ ವಿದ್ಯಾರ್ಥಿಗಳಾಗಿದ್ದರು. ಆ ಬೇಸಿಗೆಯಲ್ಲಿ ಸ್ಯಾಂಟ ಕ್ರೂಜ್ ಎಂಬ ಕಡಲತೀರದ ಊರಿಗೆ ಹೋದಾಗ ಅವರು ಅಲ್ಲಿನ ರೆಡ್‌ವುಡ್ ಮರದಿಂದ ತಮ್ಮ ನಾಡಿನ ಮಾದರಿಯ ಹಲಗೆಗಳನ್ನು ಮಾಡಿಸಿ, ನದಿಯು ಕಡಲನ್ನು ಸೇರುವೆಡೆಯಲ್ಲಿ ಅಲೆಗಳನ್ನೇರಿದರು. ಅಮೆರಿಕದ ಮುಖ್ಯಭೂಮಿಯಲ್ಲಿ ಸರ್ಫಿಂಗ್ ನಡೆದುದಕ್ಕೆ ದೊರೆತಿರುವ ಮೊದಲ ದಾಖಲೆ ಅದೇ. ಆ ರಾಜಕುಮಾರರದೆಂದು ಸಂಶೋಧಕರು ಗುರುತಿಸಿದ ಎರಡು ರೆಡ್‌ವುಡ್ ಹಲಗೆಗಳು ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿವೆ. ೨೦೧೫ರಲ್ಲಿ, ೧೩೦ ವರ್ಷಗಳ ಬಳಿಕ, ಅವು ಸ್ಯಾಂಟ ಕ್ರೂಜಿಗೆ ಪ್ರದರ್ಶನಕ್ಕಾಗಿ ಮರಳಿದುವು.

ಹೊರಗೋಡೆಯ ಹಲಗೆ

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹೊನೊಲುಲುವಿನ ವೈಕಿಕಿ ತೀರದಲ್ಲಿ ಆಟ ಮತ್ತೆ ಚಿಗುರಿತು. ೧೯೦೮ರಲ್ಲಿ ‘ಔಟ್‌ರಿಗರ್ ಕನೂ ಕ್ಲಬ್’ ಸ್ಥಾಪನೆಯಾಯಿತು. ಕೆಲವೇ ವರ್ಷಗಳಲ್ಲಿ ಹವಾಯಿಯ ತರುಣರೇ ‘ಹುಯಿ ನಲು’ ಎಂಬ ತಮ್ಮ ಸಂಘವನ್ನು ಕಟ್ಟಿಕೊಂಡರು. ಆ ಸಂಘದ ಈಜುಗಾರ ಡ್ಯೂಕ್ ಕಹನಮೊಕು ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರು ಈಜಿನ ಚಿನ್ನದ ಪದಕ ಗೆದ್ದು ಲೋಕಪ್ರಸಿದ್ಧನಾದನು. ೧೯೧೪ರ ಕೊನೆಗೆ ಅವನು ಆಸ್ಟ್ರೇಲಿಯಕ್ಕೆ ಹೋದಾಗ ಅವನ ಬಳಿ ಹಲಗೆಯಿರಲಿಲ್ಲ. ಸಿಡ್ನಿಯಲ್ಲಿ ಷುಗರ್ ಪೈನ್ ಮರವನ್ನು ತರಿಸಿ, ತಾನೇ ರೂಪುಗೊಳಿಸಿ, ಫ್ರೆಷ್‌ವಾಟರ್ ತೀರದಲ್ಲಿ ನೆರೆದ ಜನರೆದುರು ಅಲೆಯನ್ನೇರಿ ತೋರಿಸಿದನು. ಅಲ್ಲಿನ ಇಸಬೆಲ್ ಲೆದಮ್ ಎಂಬ ಹದಿಹರೆಯದ ಹುಡುಗಿಯನ್ನೂ ತನ್ನೊಡನೆ ಹಲಗೆಯ ಮೇಲೆ ನಿಲ್ಲಿಸಿಕೊಂಡು ಬಂದನು. ಹೊರಡುವಾಗ ಹಲಗೆಯನ್ನು ಅಲ್ಲಿಯೇ ಬಿಟ್ಟುಹೋದನು. ಆಸ್ಟ್ರೇಲಿಯದ ಸರ್ಫಿಂಗಿಗೆ ಬೀಜವಾದ ಆ ಹಲಗೆಯನ್ನು ಫ್ರೆಷ್‌ವಾಟರ್‌ನ ಜೀವರಕ್ಷಕ ಸಂಘದವರು ಕಾಪಾಡಿಕೊಂಡು ಬಂದಿದ್ದಾರೆ.

ಹಲಗೆ ಆಟದ ವಸ್ತುವಾಗಿ ಮಾತ್ರ ಉಳಿಯಲಿಲ್ಲ. ೧೯೨೫ರ ಜೂನ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ಕರೋನ ಡೆಲ್ ಮಾರ್ ಬಳಿ ‘ತೆಲ್ಮ’ ಎಂಬ ದೋಣಿಯು ಭಾರಿ ಅಲೆಗೆ ಮಗುಚಿತು. ತೀರದಲ್ಲಿದ್ದ ಡ್ಯೂಕ್ ತನ್ನ ಹಲಗೆಯೊಡನೆ ನೀರಿಗೆ ನುಗ್ಗಿ, ಮತ್ತೆ ಮತ್ತೆ ಹೋಗಿಬಂದು, ಎಂಟು ಮಂದಿಯನ್ನು ದಡಕ್ಕೆ ತಂದನು. ಆ ದಿನ ಹದಿನೇಳು ಜನ ಮುಳುಗಿದರು; ಹಲಗೆಯಿಲ್ಲದಿದ್ದರೆ ಆ ಸಂಖ್ಯೆ ಇನ್ನೂ ಬೆಳೆಯುತ್ತಿತ್ತು. ಕಡಲತೀರದ ಜೀವರಕ್ಷಕರು ಹಲಗೆಯತ್ತ ಗಮನ ಹರಿಸುವಂತೆ ಮಾಡಿದ ಘಟನೆಗಳಲ್ಲಿ ಇದೊಂದು.

ಡ್ಯೂಕನಿಂದ ಸ್ಫೂರ್ತಿ ಪಡೆದವರಲ್ಲಿ ಟಾಮ್ ಬ್ಲೇಕ್ ಒಬ್ಬನು. ಅಮೆರಿಕದ ಒಳನಾಡಾದ ವಿಸ್ಕಾನ್ಸಿನ್ನಿನಲ್ಲಿ ೧೯೦೨ರಲ್ಲಿ ಹುಟ್ಟಿದ ಈತ, ೧೯೨೦ರಲ್ಲಿ ಡೆಟ್ರಾಯ್ಟ್ ನಗರದ ಒಂದು ಚಿತ್ರಮಂದಿರದಲ್ಲಿ ಡ್ಯೂಕನನ್ನು ಕಂಡು ಕೈಕುಲುಕಿದನಂತೆ. ಅದೇ ಅವನ ಬಾಳಿನ ತಿರುವು. ೧೯೨೪ರಲ್ಲಿ ಅವನು ಹವಾಯಿಗೆ ಹೋದನು. ಹೋದವನು ಬಿಷಪ್ ವಸ್ತುಸಂಗ್ರಹಾಲಯದ ಹಳೆಯ ಹಲಗೆಗಳೆದುರು ನಿಂತನು.

ಆ ಸಂಗ್ರಹಾಲಯವು ೧೮೮೯ರಲ್ಲಿ ರಾಜಕುಮಾರಿ ಬರ್ನಿಸ್ ಪವಾಹಿ ಬಿಷಪ್ಪಳ ನೆನಪಿಗಾಗಿ ಅವಳ ಗಂಡ ಕಟ್ಟಿಸಿದುದು. ಅಲ್ಲಿ ಅವಳ ತಂದೆ, ೧೮೫೫ರಲ್ಲಿ ತೀರಿಕೊಂಡ ಪಾಳೆಯಗಾರ ಅಬ್ನರ್ ಪಾಕಿಯ ಒಲೊ ಹಲಗೆಗಳಿದ್ದುವು. ಉದ್ದ ಸುಮಾರು ೧೫ ಅಡಿ. ತೂಕ ೧೫೦ ಪೌಂಡಿನ ಆಸುಪಾಸು. ಅಂಥ ಒಲೊ ಹಲಗೆಯನ್ನು ಏರಿ ಬಲ್ಲವರು ಆಗ ಯಾರೂ ಉಳಿದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಅವು ಬಹುಕಾಲ ಕಟ್ಟಡದ ಹೊರಗೋಡೆಯ ಮೇಲೆ, ಬಣ್ಣ ಮೆತ್ತಿಸಿಕೊಂಡು, ಗಾಳಿಬಿಸಿಲುಗಳಿಗೆ ಮೈಯೊಡ್ಡಿ ತೂಗುತ್ತಿದ್ದುವು. ಬ್ಲೇಕನು ಅನುಮತಿ ಪಡೆದು ಅವನ್ನು ಕೆಳಗಿಳಿಸಿ, ಮೇಲಿನ ಬಣ್ಣವನ್ನು ಕೆರೆದು, ಅಡಿಯ ಮೂಲ ಮರವನ್ನು ಹೊರತಂದನು. ದಿನಗಟ್ಟಲೆ ಕೈಯಾಡಿಸುತ್ತ ಅವುಗಳ ಉಬ್ಬು ತಗ್ಗು, ಅಂಚಿನ ದುಂಡಗೆ, ತುದಿಯ ಇಳಿಜಾರು ಎಲ್ಲವೂ ಅವನ ಬೆರಳಿಗೆ ಬಾಯಿಪಾಠವಾದುವು.

ಅಂಥದೇ ಒಂದನ್ನು ತಾನೂ ಮಾಡಬೇಕೆಂದು ೧೯೨೬ರಲ್ಲಿ ಅವನು ರೆಡ್‌ವುಡ್ಡಿನ ದೊಡ್ಡ ತೊಲೆಯೊಂದನ್ನು ಕೊಂಡನು. ಆದರೆ ಅದರ ಭಾರ ವಿಪರೀತ. ತೂಕವನ್ನು ಇಳಿಸಲು ಅವನು ಹಲಗೆಯ ಮೈತುಂಬ ನೂರಾರು ರಂಧ್ರಗಳನ್ನು ಕೊರೆದು, ಮರವನ್ನು ಒಣಗಲು ಬಿಟ್ಟು, ಮೇಲೆ ಕೆಳಗೆ ತೆಳು ಮರದ ಹೊದಿಕೆಯನ್ನು ಹಾಕಿ ಮುಚ್ಚಿದನು. ಟೊಳ್ಳಾದ ಹಲಗೆ ಹುಟ್ಟಿದ್ದು ಹೀಗೆ. ೧೯೨೮ರಲ್ಲಿ ಕರೋನ ಡೆಲ್ ಮಾರ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಬ್ಲೇಕನೇ ಗೆದ್ದನು. ಮುಂದೆ ವಿಮಾನದ ರೆಕ್ಕೆಯಂತೆ ಒಳಗೆ ಅಡ್ಡಪಟ್ಟಿಗಳ ಹಂದರ, ಮೇಲೆ ತೆಳುಹಲಗೆಯ ಹೊದಿಕೆ ಎಂಬ ರಚನೆಯನ್ನು ಅವನು ರೂಢಿಸಿ, ೧೯೩೨ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ೧೯೩೫ರಲ್ಲಿ, ಮೂಲೆಗೆ ಬಿದ್ದಿದ್ದ ಮೋಟಾರು ದೋಣಿಯೊಂದರ ಅಡಿಗೀಲನ್ನು ಹಲಗೆಯ ಬಾಲಕ್ಕೆ ಸಿಕ್ಕಿಸಿ, ಅದು ಅಡ್ಡಕ್ಕೆ ಜಾರುವುದನ್ನು ತಪ್ಪಿಸಿದನು. ಇಂದಿನ ಹಲಗೆಗಳ ಕೆಳಗಿರುವ ಮೀನಿನ ರೆಕ್ಕೆಯಂಥ ಫಲಕಕ್ಕೆ ಮೂಲ ಇದೇ. ಹಳೆಯ ಹಲಗೆಯ ಮೊದಲನೆಯ ಪಾಠ ಇದು: ತೊಂಬತ್ತು ಜನ ಕಣ್ಣೆತ್ತಿ ನೋಡದೆ ನಡೆದುಹೋದ ಗೋಡೆಯೆದುರು ಒಬ್ಬನು ನಿಂತುದರಿಂದ ಆಟದ ದಿಕ್ಕೇ ಬದಲಾಯಿತು.

ಷೆಡ್ಡಿನಿಂದ ಕಾರ್ಖಾನೆಗೆ

ಟೊಳ್ಳು ಹಲಗೆಯ ನಕ್ಷೆಗಳು ೧೯೩೦ರ ದಶಕದ ಅಮೆರಿಕದ ಜನಪ್ರಿಯ ಯಂತ್ರವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದುವು. ಹುಡುಗರು ಶಾಲೆಯ ಬಡಗಿಕೋಣೆಯಲ್ಲಿ, ತಂದೆಯ ಷೆಡ್ಡಿನಲ್ಲಿ, ಅಳತೆ ಹಿಡಿದು ಹಲಗೆಗಳನ್ನು ಮಾಡತೊಡಗಿದರು. ಸಂಧಿಗಳಲ್ಲಿ ನೀರು ಜಿನುಗುವುದು ಸಾಮಾನ್ಯವಾದುದರಿಂದ ತುದಿಯಲ್ಲೊಂದು ಬಿರಡೆ ಇರುತ್ತಿತ್ತು. ದಡಕ್ಕೆ ಬಂದೊಡನೆ ಅದನ್ನು ಬಿಚ್ಚಿ ನೀರನ್ನು ಬಸಿಯಬೇಕು. ಇಂದು ಸಂಗ್ರಾಹಕನು ಹಳೆಯ ಹಲಗೆಯಲ್ಲಿ ಮೊದಲು ಹುಡುಕುವುದು ಈ ಬಿರಡೆಯನ್ನು.

ಅಂಗಡಿಯ ಹಲಗೆಗಳೂ ಆಗಲೇ ಬಂದುವು. ಲಾಸ್ ಏಂಜಲೀಸಿನಲ್ಲಿ ಮರದ ಮನೆಗಳ ಬಿಡಿಭಾಗಗಳನ್ನು ತಯಾರಿಸುತ್ತಿದ್ದ ‘ಪೆಸಿಫಿಕ್ ಸಿಸ್ಟಮ್ ಹೋಮ್ಸ್’ ಎಂಬ ಕಂಪೆನಿಯು ರೆಡ್‌ವುಡ್ ಮತ್ತು ಬಾಲ್ಸ ಮರಗಳ ಪಟ್ಟಿಗಳನ್ನು ಜೋಡಿಸಿದ ಹಲಗೆಗಳನ್ನು ಮಾರಾಟಕ್ಕೆ ತಂದಿತು. ಅವುಗಳ ಮುದ್ರೆ ಏನಿರಬಹುದು? ಸ್ವಸ್ತಿಕ! ಆಗ ಅಮೆರಿಕದಲ್ಲಿಯೂ ಅದು ಶುಭಚಿಹ್ನೆಯೆಂದೇ ಚಲಾವಣೆಯಲ್ಲಿತ್ತು. ಜರ್ಮನಿಯ ನಾಜಿಗಳು ಅದಕ್ಕೆ ಕಳಂಕ ಹಚ್ಚಿದ ಮೇಲೆ, ೧೯೩೦ರ ದಶಕದ ಕೊನೆಗೆ, ಕಂಪೆನಿಯು ಆ ಹೆಸರನ್ನು ಕೈಬಿಟ್ಟಿತು. ಆದುದರಿಂದ ಸ್ವಸ್ತಿಕ ಮುದ್ರೆಯ ಹಲಗೆಯೊಂದು ಕಣ್ಣಿಗೆ ಬಿದ್ದರೆ ಅದರ ವಯಸ್ಸನ್ನು ಬೇರೆ ಯಾರೂ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ತೀರಗಳಲ್ಲಿ ಎದೆಯಡಿಗೆ ಇಟ್ಟುಕೊಳ್ಳುವ ತೆಳು ಮರದ ಹಲಗೆಗಳು ರೂಢಿಯಲ್ಲಿದ್ದುವು. ಪತ್ತೇದಾರಿ ಕಾದಂಬರಿಗಳ ರಾಣಿ ಅಗಾಥ ಕ್ರಿಸ್ಟಿಯು ೧೯೨೨ರಲ್ಲಿ ದಕ್ಷಿಣ ಆಫ್ರಿಕದ ಮೈಸೆನ್‌ಬರ್ಗಿನಲ್ಲಿ ಇಂಥ ಹಲಗೆಯ ಮೇಲೆ ಅಲೆಯೇರಿ, ಅದೇ ವರ್ಷ ವೈಕಿಕಿಯಲ್ಲಿ ನಿಂತು ಸವಾರಿ ಮಾಡುವುದನ್ನೂ ಕಲಿತಳು.

ಎರಡನೆಯ ಮಹಾಯುದ್ಧದ ಅನಂತರ ಗಾಜಿನೆಳೆಯ ಬಟ್ಟೆ ಮತ್ತು ರಾಳ ಪೇಟೆಗೆ ಬಂದುವು. ದಕ್ಷಿಣ ಅಮೆರಿಕದ ಈಕ್ವಡಾರಿನಿಂದ ಬರುವ ಬಾಲ್ಸ ಮರ ಅತ್ಯಂತ ಹಗುರ; ಆದರೆ ನೀರನ್ನು ಹೀರುವ ದೋಷ ಅದಕ್ಕಿತ್ತು. ಗಾಜಿನೆಳೆಯ ಕವಚ ಆ ದೋಷವನ್ನು ನಿವಾರಿಸಿತು. ಕ್ಯಾಲಿಫೋರ್ನಿಯದ ಬಾಬ್ ಸಿಮನ್ಸ್, ಜೋ ಕ್ವಿಗ್, ಡೇಲ್ ವೆಲ್ಜಿ ಮೊದಲಾದವರು ಈ ರೀತಿಯ ಹಲಗೆಗಳನ್ನು ಕೈಯಾರೆ ಕೊರೆದರು. ನೂರು ಪೌಂಡಿನ ಗಟ್ಟಿ ರೆಡ್‌ವುಡ್ ಹಲಗೆಯೆಲ್ಲಿ, ಹೆಂಗಸರೂ ಮಕ್ಕಳೂ ಕಂಕುಳಲ್ಲಿ ಹೊತ್ತು ನಡೆಯಬಲ್ಲ ಈ ಹಲಗೆಯೆಲ್ಲಿ! ಒಂದೊಂದನ್ನೂ ಕೊರೆದವನ ಕೈಯ ಒಲವು ಅದರ ಅಂಚಿನಲ್ಲಿ ಕಾಣುತ್ತಿತ್ತು.

ಆದರೆ ಆ ಸಿರಿ ಹೆಚ್ಚು ಕಾಲ ಬಾಳಲಿಲ್ಲ. ೧೯೫೮ರ ಸುಮಾರಿಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರಿಥೇನ್ ನೊರೆಯನ್ನು ಅಚ್ಚಿನಲ್ಲಿ ಎರೆದು ಹಲಗೆ ಮಾಡುವ ವಿಧಾನವನ್ನು ಸಾಧಿಸಿದರು. ಮರುವರ್ಷ ತೆರೆಕಂಡ ‘ಗಿಜೆಟ್’ ಎಂಬ ಚಲಚ್ಚಿತ್ರ ಸರ್ಫಿಂಗಿನ ಹುಚ್ಚನ್ನು ಹಬ್ಬಿಸಿತು. ಬೇಡಿಕೆ ಏರಿತು, ನೊರೆಯ ಹಲಗೆ ಅದನ್ನು ಪೂರೈಸಿತು. ಮರದ ಹಲಗೆಯನ್ನು ಕೇಳುವವರೇ ಇಲ್ಲವಾದರು. ಕೆಲವು ಬೇಲಿಗೆ ಒದಗಿದುವು, ಕೆಲವು ಬೆಂಚು ಕಪಾಟುಗಳಾದುವು, ಇನ್ನು ಕೆಲವು ಚಳಿಯ ಸಂಜೆಗಳಲ್ಲಿ ಮರಳದಂಡೆಯ ಬೆಂಕಿಗೆ ಸೌದೆಯಾದುವು.

ಹುಡುಕುವವರ ಕಣ್ಣು

ಅಳಿದುಳಿದವುಗಳಿಗೆ ಬೆಲೆ ಬಂದುದು ಒಂದು ತಲೆಮಾರು ಕಳೆದ ಮೇಲೆ. ೧೯೮೬ರಲ್ಲಿ ಸ್ಯಾಂಟ ಕ್ರೂಜಿನ ದೀಪಸ್ತಂಭದ ಕಟ್ಟಡದಲ್ಲಿ ಸರ್ಫಿಂಗಿನದೇ ಒಂದು ಪುಟ್ಟ ವಸ್ತುಸಂಗ್ರಹಾಲಯ ತೆರೆಯಿತು. ೨೦೦೧ರಲ್ಲಿ ಹೊನೊಲುಲುವಿನಲ್ಲಿ ಹಳೆಯ ಹಲಗೆಗಳ ಹರಾಜು ಆರಂಭವಾಯಿತು. ಕ್ಯಾಲಿಫೋರ್ನಿಯದ ಸ್ಯಾನ್ ಕ್ಲೆಮೆಂಟೆಯಲ್ಲಿ ಒಂದು ಪರಂಪರಾ ಕೇಂದ್ರವೂ, ಇಂಗ್ಲೆಂಡಿನ ಬ್ರಾಂಟನ್ನಿನಲ್ಲಿ ೨೦೧೨ರಲ್ಲಿ ಬ್ರಿಟಿಷ್ ಸರ್ಫಿಂಗಿನ ಸಂಗ್ರಹಾಲಯವೂ ನೆಲೆಗೊಂಡುವು. ಅಜ್ಜನ ಷೆಡ್ಡಿನಲ್ಲಿ ಸಾಮಾನಿನಡಿ ಬಿದ್ದಿದ್ದ ಹಲಗೆ ಏಕಾಏಕಿ ಮನೆಮಂದಿಯ ಗಮನಕ್ಕೆ ಬಂದಿತು.

ಬೆಲೆ ಬಂದ ಕಡೆ ಕಪಟವೂ ಬರುತ್ತದೆ. ಹೋಟೆಲುಗಳ ಅಲಂಕಾರಕ್ಕಾಗಿ ಮಾಡಿದ ಹೊಸ ಮರದ ಹಲಗೆಗಳಿಗೆ ಹೊಗೆ ಹಿಡಿಸಿ, ಗೀರು ಹಾಕಿ, ಹಳೆಯವೆಂದು ಮಾರುವುದುಂಟು. ಅನುಭವಿಗಳು ಮೋಸ ಹೋಗದಂತೆ ನೋಡುವ ರೀತಿಯೇ ಬೇರೆ. ಮೊದಲು ಮರದ ಜಾತಿ, ಬಳಿಕ ತೂಕ. ಪಟ್ಟಿಗಳನ್ನು ಕೂಡಿಸಿದ ಮರದ ಮೊಳೆಗಳು, ಅಂಟಿನ ಗೆರೆಗಳು, ತಿರುಪುಮೊಳೆಗಳ ತಲೆ ಆಯಾ ಕಾಲಕ್ಕೆ ತಕ್ಕಂತಿವೆಯೆ? ಸವೆತ ಎಲ್ಲಿದೆ? ಮಂಡಿಯೂರಿದ ಜಾಗ, ಕಾಲಿಟ್ಟ ಜಾಗ, ಮರಳಿಗೆ ಊರಿ ನಿಲ್ಲಿಸಿದ ಬಾಲದ ಅಂಚು ಇವು ಸವೆದಿರಬೇಕು. ನಕಲು ಮಾಡುವವನು ಎಲ್ಲೆಡೆಯೂ ಸಮನಾಗಿ ಸವೆಸುತ್ತಾನೆ. ಮನುಷ್ಯನ ಬಾಳು ಹಾಗೆ ಸವೆಸುವುದಿಲ್ಲ. ಹಲಗೆಯೊಡನೆ ನಿಂತ ಯಜಮಾನನ ಹಳೆಯ ಭಾವಚಿತ್ರವೋ ಕಾಗದವೋ ಜತೆಗೆ ದೊರೆತರೆ ಅದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ. ಯಾರು ಮಾಡಿದರು, ಯಾರು ಏರಿದರು, ಯಾವ ತೀರದಲ್ಲಿ ಎಂಬ ಮೂರು ಮಾತು ಅಳಿಸಿಹೋದರೆ ಎಷ್ಟೇ ಚೆಲುವಾದ ಹಲಗೆಯೂ ಅರ್ಧ ಮೂಕವಾಗುತ್ತದೆ.

ಈ ಹವ್ಯಾಸಿಗಳಲ್ಲಿ ಮುಗಿಯದ ಒಂದು ವಾದವಿದೆ. ಹಳೆಯ ಹಲಗೆಯನ್ನು ದುರಸ್ತಿ ಮಾಡಬೇಕೆ, ಇದ್ದಂತೆಯೇ ಬಿಡಬೇಕೆ? ವಾರ್ನಿಷನ್ನು ಕೆರೆದು ಹೊಸದಾಗಿ ಬಳಿದರೆ ಕನ್ನಡಿಯಂತೆ ಹೊಳೆಯುತ್ತದೆ, ನಿಜ. ಆದರೆ ಮೂಲದ ಲೇಪ, ಸಂಘದ ಗುರುತು, ಒಡೆಯನು ಕೊರೆದ ಹೆಸರು, ಉಳಿಯ ಗೆರೆ ಎಲ್ಲವೂ ಆ ಪುಡಿಯೊಡನೆ ಉದುರಿಹೋಗುತ್ತವೆ. ಉದುರಿದುದನ್ನು ಮತ್ತೆ ಅಂಟಿಸುವ ವಿದ್ಯೆಯಿಲ್ಲ. ಬಿಟ್ಟರೂ ಕೇಡು, ಬಿರುಕು ಹಿಗ್ಗುತ್ತದೆ, ಹುಳು ಹಬ್ಬುತ್ತದೆ. ಆದುದರಿಂದ ಬಲ್ಲವರು ನಡುದಾರಿಯನ್ನು ಹಿಡಿಯುತ್ತಾರೆ: ಕೇಡು ಮುಂದುವರಿಯದಂತೆ ತಡೆಯುವಷ್ಟು ಮಾತ್ರ ಕೈಹಾಕುವುದು, ಮಾಡಿದುದನ್ನು ಬರೆದಿಡುವುದು, ನೇರ ಬಿಸಿಲು ಬೀಳದ, ತೇವ ಹೆಚ್ಚಿಲ್ಲದ ಕೋಣೆಯಲ್ಲಿ, ಎರಡು ಮೂರು ಕಡೆ ಮೆತ್ತನೆಯ ಆಸರೆ ಕೊಟ್ಟು ಮಲಗಿಸುವುದು. ಬ್ಲೇಕನು ಪಾಕಿಯ ಹಲಗೆಗಳ ಬಣ್ಣವನ್ನು ಕೆರೆದಂತೆ ಇಂದು ಯಾರಾದರೂ ಕೆರೆಯಹೋದರೆ ಸಂರಕ್ಷಣಾಶಾಸ್ತ್ರದ ಪಂಡಿತರು ಕೈ ಹಿಡಿದಾರು. ಆದರೆ ಅವನು ಕೆರೆಯದೆ ಇದ್ದಿದ್ದರೆ ಟೊಳ್ಳು ಹಲಗೆ ಹುಟ್ಟುತ್ತಿತ್ತೆ? ಇದಕ್ಕೆ ಸುಲಭದ ಉತ್ತರವಿಲ್ಲ.

ಎರಡನೆಯ ಪಾಠ

ಸಂಗ್ರಹಾಲಯದ ಹಲಗೆಗಳು ಎರಡನೆಯ ಬಾರಿ ಬಾಯಿಬಿಟ್ಟುದು ೨೦೦೦ದ ದಶಕದಲ್ಲಿ. ಕ್ಯಾಲಿಫೋರ್ನಿಯದಲ್ಲಿ ಬೆಳೆದು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ನೆಲಸಿದ ಹಲಗೆಗಾರ ಟಾಮ್ ವೆಗನರ್ ಬಿಷಪ್ ಸಂಗ್ರಹಾಲಯದ ಅಲೈಯ ಹಲಗೆಗಳನ್ನು ಕಂಡನು. ಅಂಗುಲದಷ್ಟು ತೆಳು, ಕೆಳಗೆ ಫಲಕವಿಲ್ಲ, ನೀರಿನಲ್ಲಿ ಆಳನ್ನು ತೇಲಿಸುವ ಶಕ್ತಿಯೂ ಅಷ್ಟಕ್ಕಷ್ಟೆ. ಇಂಥದರ ಮೇಲೆ ನಿಂತು ಅಲೆಯ ಓರೆಯಲ್ಲಿ ಸಾಗುವುದು ಆಗದ ಮಾತೆಂದೇ ಬಹುಮಂದಿ ನಂಬಿದ್ದರು. ವೆಗನರನು ಹಗುರವಾದ, ಉಪ್ಪುನೀರನ್ನು ಸುಲಭವಾಗಿ ಹೀರದ ಪೌಲೋನಿಯ ಮರದಿಂದ ಅದೇ ಅಳತೆಯ ಹಲಗೆಗಳನ್ನು ಮಾಡಿ ನೀರಿಗಿಳಿಸಿದನು. ಕಲಿಯುವುದು ಕಷ್ಟವಾಯಿತು, ಕಲಿತವರು ಮಾತ್ರ ಆ ವೇಗವನ್ನು ಕಂಡು ಬೆರಗಾದರು. ೨೦೦೯ರಲ್ಲಿ ‘ಸರ್ಫರ್’ ಪತ್ರಿಕೆಯು ಅವನನ್ನು ವರ್ಷದ ಹಲಗೆಗಾರನೆಂದು ಗೌರವಿಸಿತು. ಮೂರು ನೂರು ವರ್ಷಗಳ ಹಿಂದಿನ ಕುಶಲಿಗೆ ಏನು ತಿಳಿದಿತ್ತೆಂಬುದು ಪುಸ್ತಕಗಳಲ್ಲಿ ಇರಲಿಲ್ಲ; ಹಲಗೆಯ ಅಂಚಿನಲ್ಲಿತ್ತು.

ಆ ನಡುವೆ, ೨೦೦೫ರ ಡಿಸೆಂಬರಿನಲ್ಲಿ, ಅಮೆರಿಕದ ಬಹುಪಾಲು ಹಲಗೆಗಳಿಗೆ ನೊರೆಯ ದಿಂಡನ್ನು ಒದಗಿಸುತ್ತಿದ್ದ ಕ್ಲಾರ್ಕನ ಕಾರ್ಖಾನೆ ಒಮ್ಮಿಂದೊಮ್ಮೆಲೆ ಬಾಗಿಲು ಮುಚ್ಚಿತು. ಹಲಗೆ ಮಾಡುವವರು ಬೇರೆ ದಾರಿಯನ್ನು ಹುಡುಕತೊಡಗಿದರು. ಕೆಲವರ ನೋಟ ಮತ್ತೆ ಮರದತ್ತ ಹರಿಯಿತು. ಭಾರಿ ಅಲೆಗಳನ್ನೇರಿ ಹೆಸರಾಗಿದ್ದ ಗ್ರೆಗ್ ನೋಲ್, ೨೦೨೧ರಲ್ಲಿ ತೀರಿಕೊಳ್ಳುವ ಮುನ್ನ, ತನ್ನ ಇಳಿವಯಸ್ಸಿನ ವರ್ಷಗಳನ್ನು ಹವಾಯಿಯ ಪ್ರಾಚೀನ ಹಲಗೆಗಳ ಪ್ರತಿರೂಪಗಳನ್ನು ಮರದಲ್ಲಿ ಕೊರೆಯುವುದಕ್ಕೆ ಮುಡಿಪಾಗಿಟ್ಟನು.

ಮರವೂ ಉಳಿಯಬೇಕು

ಹಲಗೆ ಉಳಿದು ಮರ ಅಳಿದರೆ ಏನಾಗುತ್ತದೆ? ೨೦೦೫ರಲ್ಲಿ ಹವಾಯಿಗೆ ಸೊಳ್ಳೆಗಿಂತಲೂ ಸಣ್ಣದಾದ ಒಂದು ಕಣಜವು ಹೇಗೋ ಬಂದು ಸೇರಿತು. ಅದು ವಿಲಿವಿಲಿ ಮರದ ಎಳೆಯ ಎಲೆ ತೊಟ್ಟುಗಳಲ್ಲಿ ಮೊಟ್ಟೆಯಿಡುತ್ತದೆ. ಎಲೆಗಳು ಗಂಟುಗಂಟಾಗಿ ಊದಿಕೊಂಡು ಮರ ಸೊರಗುತ್ತದೆ. ಕೆಲವೇ ತಿಂಗಳುಗಳಲ್ಲಿ ದ್ವೀಪದಿಂದ 
ದ್ವೀಪಕ್ಕೆ ಹಬ್ಬಿ ಸಾವಿರಾರು ಮರಗಳನ್ನು ಅದು ಬೋಳಾಗಿಸಿತು. ನಮ್ಮ ನಾಡಿಗೂ ಈ ಕಣಜ ಹೊಸದಲ್ಲ. ಅದೇ ಸುಮಾರಿಗೆ ದಕ್ಷಿಣ ಭಾರತದಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಮರಗಳಿಗೂ ಇದೇ ಪಿಡುಗು ತಗುಲಿ ಬೆಳೆಗಾರರು ಕಂಗೆಟ್ಟಿದ್ದರು. ಒಂದೇ ಕುಲದ ಮರಗಳಿಗೆ ಎರಡು ಕಡಲುಗಳಾಚೆಯೂ ಒಂದೇ ಶತ್ರು.

ಹವಾಯಿಯ ವಿಜ್ಞಾನಿಗಳು ಆಫ್ರಿಕದ ಟಾಂಜಾನಿಯದಲ್ಲಿ ಆ ಕಣಜವನ್ನು ಕೊಲ್ಲುವ ಇನ್ನೊಂದು ಕಣಜವನ್ನು ಕಂಡು, ಅದು ಬೇರೆ ಜೀವಿಗಳಿಗೆ ಕೇಡು ಮಾಡದೆಂದು ಪರೀಕ್ಷಿಸಿ, ೨೦೦೮ರಲ್ಲಿ ಬಿಡುಗಡೆ ಮಾಡಿದರು. ಉಪಾಯ ಬಹುಮಟ್ಟಿಗೆ ಫಲಿಸಿತು. ಬೋಳಾಗಿದ್ದ ಅನೇಕ ಮರಗಳು ಮತ್ತೆ ಚಿಗುರಿದುವು. ಹೂವು ಬೀಜಗಳಿಗೆ ಮಾತ್ರ ಕಾಟ ಪೂರ್ತಿ ತಪ್ಪಿಲ್ಲ.

ಇಂದು ಹೊನೊಲುಲುವಿನ ಸಂಗ್ರಹಾಲಯಕ್ಕೆ ಬರುವ ಹವಾಯಿಯ ಮಕ್ಕಳು ತಮ್ಮ ಪೂರ್ವಿಕರ ಹಲಗೆಗಳನ್ನು ಛಾವಣಿಯ ಕೆಳಗೆ, ನೆರಳಿನಲ್ಲಿ, ಹೆಸರಿನ ಚೀಟಿಯೊಡನೆ ಕಾಣುತ್ತಾರೆ. ಹೊರಗೋಡೆಯ ತಂತಿಯಿಂದ ಒಳಮನೆಯ ಆಸರೆಯವರೆಗೆ ಆ ಹಲಗೆಗಳು ಬಂದ ದಾರಿ ನೂರು ವರ್ಷದ್ದು. ಅವುಗಳ ಅಳತೆಯನ್ನು ಹಿಡಿದು ಹೊಸದೊಂದನ್ನು ಕೊರೆಯಲು ಮರವಿದೆ. ಬಾಚಿ ಹಿಡಿಯುವ ಕೈಗಳೂ ಮತ್ತೆ ಹುಟ್ಟಿಕೊಂಡಿವೆ. ಅಲೆಗಳಂತೂ ಎಂದೂ ನಿಂತಿರಲಿಲ್ಲ.